ಫಿನ್ಲೆಂಡಿನ ಹಾಡಿನಿಂದ ಮುರಿಯದ ಸಂಬಂಧ

“ಮೈಕ್‌ಸೆಟ್ ರಂಗಪ್ಪ ತೆಂಗಿನ ಮರಕ್ಕೆ ಹಾರ್ನ್ ಕಟ್ಟಿ, ಯಾವುದೋ ಪರದೇಶದ ಅಳುವ ಹಾಡು ಹಾಕಿದನಂತೆ. ಹೆಣ್ಣು ನೋಡಲು ಬಂದ ಹುಳಿಯಾರಿನವರು ಅದನ್ನು ಕೇಳಿ ಹೆದರಿ, ಬಂದ ಬಸ್ಸಿನಲ್ಲೇ ಓಡಿಹೋದರಂತೆ. ಚಿನ್ನದಂಥ ಸಂಬಂಧ ಒಂದು ಕ್ಯಾಸೆಟ್ಟಿನಿಂದ ಮುರಿದುಬಿತ್ತಂತೆ!”

ತುರುವೇಕೆರೆಯ ಬಸ್ ನಿಲ್ದಾಣದಿಂದ ಹಿಡಿದು ತಿಪಟೂರಿನ ಕೊಬ್ಬರಿ ಮಂಡಿಯವರೆಗೆ ಈ ವೃತ್ತಾಂತ ಇಂದಿಗೂ ಚಲಾವಣೆಯಲ್ಲಿದೆ. ಹೇಳುವವರೆಲ್ಲರೂ ಕಣ್ಣಾರೆ ಕಂಡವರಂತೆ ಹೇಳುತ್ತಾರೆ. ಒಮ್ಮೆ ನನ್ನ ಅಂಗಡಿಯ ಮುಂದೆಯೇ, ನಾನು ಒಳಗಿದ್ದೇನೆಂದು ತಿಳಿಯದೆ, ಒಬ್ಬ ಮಹನೀಯರು ಆ ಹೊತ್ತಿನ ನನ್ನ ಮುಖಭಾವವನ್ನು ಅಭಿನಯಿಸಿ ತೋರಿಸಿದರು. ಅಭಿನಯ ಚೆನ್ನಾಗಿತ್ತು. ಸಂಗತಿ ಮಾತ್ರ ಸುಳ್ಳು.

ಮೊದಲು ಹೇಳಬೇಕಾದದ್ದೆಂದರೆ, ಅವರು ಬಂದ ಬಸ್ಸಿನಲ್ಲೇ ಹೋಗಲಿಲ್ಲ. ಆ ಬಸ್ಸು ಕೆಟ್ಟು ನಿಂತಿತ್ತು. ಓಡಿಹೋಗಲೂ ಇಲ್ಲ, ಅವರಲ್ಲಿ ಇಬ್ಬರಿಗೆ ಮಂಡಿನೋವು. ಇನ್ನು ಸಂಬಂಧ ಮುರಿದದ್ದು ಕ್ಯಾಸೆಟ್ಟಿನಿಂದ ಎಂಬ ಮುಖ್ಯ ಆರೋಪ. ಅದಕ್ಕಾಗಿಯೇ ನಾನು ಲೇಖನಿ ಹಿಡಿದಿರುವುದು.

ನಾನು ಹೈಸ್ಕೂಲಿನ ಮೆಟ್ಟಿಲು ಹತ್ತಿದವನಲ್ಲ. ವಿದ್ಯೆಯನ್ನೆಲ್ಲ ತಾಲ್ಲೂಕಿನ ಗ್ರಂಥಾಲಯದಿಂದಲೂ ಕಡಲೆಕಾಯಿ ಕಟ್ಟಿಕೊಟ್ಟ ಕಾಗದಗಳಿಂದಲೂ ಸಂಪಾದಿಸಿದವನು. ಹೀಗೆ ಓದಿದವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಊರೆಲ್ಲ ಹೇಳಿತು ಎಂಬ ಒಂದೇ ಕಾರಣಕ್ಕೆ ಅವನು ಯಾವುದನ್ನೂ ನಂಬುವುದಿಲ್ಲ. ಈ ಚಟದ ದೆಸೆಯಿಂದ ನಾನು ಅನೇಕ ಸ್ನೇಹಿತರನ್ನು ಕಳೆದುಕೊಂಡಿದ್ದೇನೆ. ಆದುದರಿಂದ ನಡೆದದ್ದನ್ನು ನಡೆದ ಹಾಗೆಯೇ ನಿವೇದಿಸುತ್ತೇನೆ. ಇದರಿಂದ ನನ್ನ ಮರ್ಯಾದೆ ಇನ್ನಷ್ಟು ಹೋಗುವ ಸಂಭವವಿದೆ. ಹೋಗಲಿ. ಹೋಗುವುದಾದರೆ ಸರಿಯಾದ ಕಾರಣಕ್ಕೆ ಹೋಗಲಿ!

ತುರುವೇಕೆರೆಯ ಪೇಟೆಯಲ್ಲಿ ನನ್ನದೊಂದು ಮೈಕ್‌ಸೆಟ್ ಅಂಗಡಿ. ಮನೆ ಸಂಪಿಗೆ ಊರಿಗೆ ಹೋಗುವ ರಸ್ತೆಯ ಒಂದು ಹಳ್ಳಿಯಲ್ಲಿ, ಹಿತ್ತಿಲಿಗೆ ಹೊಂದಿಕೊಂಡು ಒಂದಿಷ್ಟು ತೆಂಗು. ಕ್ಯಾಸೆಟ್ಟು ಎಂಬ ವಸ್ತು ನಮ್ಮ ಕಡೆಗೆ ಆಗತಾನೇ ಕಾಲಿಟ್ಟಿತ್ತು. ಆ ಕಾಲದಲ್ಲಿ ಒಬ್ಬ ಬಿಳಿಯ ಹೆಂಗಸು ನಮ್ಮ ಊರಿನ ಹಳೆಯ ಕಲ್ಲುಗುಡಿಗಳನ್ನು ನೋಡಲು ಬಂದಳು. ಆಕೆಯ ಟೇಪ್ ರೆಕಾರ್ಡರು ಕೆಟ್ಟಿತು. ಒಳಗಿನ ಬೆಲ್ಟು ತುಂಡಾಗಿತ್ತು. ನಾನು ಸೈಕಲ್ ಟ್ಯೂಬಿನಿಂದ ಸಣ್ಣದೊಂದು ಬಳೆ ಕತ್ತರಿಸಿ ಹಾಕಿದೆ. ಅದು ಓಡಿತು! ಕೂಲಿ ಬೇಡವೆಂದೆ. ಆಕೆ ಸಂತೋಷಪಟ್ಟು ತನ್ನ ಚೀಲದಿಂದ ಒಂದು ಕ್ಯಾಸೆಟ್ಟು ತೆಗೆದು ಕೈಗಿಟ್ಟಳು.

ಆಕೆಯ ದೇಶ ಫಿನ್ಲೆಂಡ್. ಕ್ಯಾಸೆಟ್ಟಿನಲ್ಲಿದ್ದದ್ದು ಆಪೆರಾ. ಆಪೆರಾ ಎಂದರೆ ಮಾತುಗಳೆಲ್ಲ ಹಾಡೇ ಆಗಿರುವ ನಾಟಕ. ನಮ್ಮ ಪೌರಾಣಿಕ ನಾಟಕದಲ್ಲಿ ಕಂದಪದ್ಯ ಮುಗಿದ ಮೇಲೆ ನಟ ಉಸಿರು ತೆಗೆದುಕೊಂಡು ಒಂದಷ್ಟು ಮಾತಾಡುತ್ತಾನಲ್ಲ, ಆಪೆರಾದಲ್ಲಿ ಆ ಸೌಕರ್ಯವಿಲ್ಲ. ನೀರು ಬೇಕಾದರೂ ಹಾಡಿಯೇ ಕೇಳಬೇಕು. ಅವರ ಹಳೆಯ ಪುರಾಣದ ದುರಂತವೊಂದನ್ನು ಆಧಾರವಾಗಿಟ್ಟುಕೊಂಡು ಈ ಕಾಲದವರು ಕಟ್ಟಿದ ಹೊಸ ಆಪೆರಾ ಅದು ಎಂದು ಆಕೆ ವಿವರಿಸಿದಳು. ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಇಂಗ್ಲಿಷಿನಲ್ಲಿ ಕಥೆಯನ್ನೂ ಹೇಳಿದಳು. ಅರ್ಧ ನನಗೆ ಅರ್ಥವಾಯಿತು. ಉಳಿದರ್ಧವನ್ನು ಆಕೆಯ ಕೈಸನ್ನೆಗಳಿಂದ ಗ್ರಹಿಸಿದೆ. ಅದರಲ್ಲಿ ಬಹುಪಾಲು ಕತ್ತು ಕೊಯ್ಯುವ ಸನ್ನೆ.

ತುರುವೇಕೆರೆ ತಾಲ್ಲೂಕಿನಲ್ಲಿ ಫಿನ್ಲೆಂಡಿನ ಆಪೆರಾ ಇಟ್ಟುಕೊಂಡಿರುವ ಏಕೈಕ ಮನುಷ್ಯ ನಾನು ಎಂಬ ಭಾವನೆ ತಲೆಗೇರಿತು. ಭಾವನೆ ಸರಿಯಾಗಿಯೇ ಇತ್ತು. ತಲೆ ಸರಿಯಾಗಿರಲಿಲ್ಲ.

ಅದೇ ತಿಂಗಳು ನನ್ನ ಒಬ್ಬಳೇ ಮಗಳು ಸರೋಜಳಿಗೆ ಹುಳಿಯಾರಿನಿಂದ ಒಂದು ಸಂಬಂಧ ಕೂಡಿಬಂತು. ತಂದದ್ದು ಎದುರು ಮನೆಯ ಕೆಂಚಪ್ಪ. ಗಂಡುಹೆಣ್ಣು ಜೋಡಿಸುವುದರಲ್ಲಿ ತನಗೆ ಸಮಾನರಿಲ್ಲವೆಂದು ಆತನ ಅಭಿಪ್ರಾಯ. ಹುಡುಗನ ಹೆಸರು ಮಹದೇವ, ಸರ್ಕಾರಿ ಕೆಲಸ. ಅವನ ತಂದೆ ಈರಣ್ಣನವರು ಹಳ್ಳಿಹಳ್ಳಿಗೆ ಹೋಗಿ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು. ಇದಕ್ಕೆ ಮೊದಲು ಬಂದಿದ್ದ ಸಂಬಂಧಗಳು ಒಂದಲ್ಲ ಒಂದು ಕಾರಣಕ್ಕೆ ಹಿಂದೆ ಸರಿದಿದ್ದವು. ಇದೂ ತಪ್ಪಿದರೆ ಸರೋಜಳ ಬಗ್ಗೆ ಊರವರ ಬಾಯಿ ಏನೇನು ಆಡೀತೋ ಎಂದು ನನ್ನ ಹೆಂಡತಿ ಗೌರಮ್ಮನಿಗೆ ನಿದ್ದೆಯಿರಲಿಲ್ಲ.

“ಮೇಷ್ಟ್ರಿಗೆ ಸಂಗೀತ ಅಂದ್ರೆ ಪ್ರಾಣ ಕಣಣ್ಣ,” ಎಂದ ಕೆಂಚಪ್ಪ. “ಅವ್ರು ಬಸ್ಸಿಳಿಯೋ ಹೊತ್ಗೆ ಕಿವಿಗೆ ಏನಾರ ಇಂಪಾಗಿ ಬೀಳ್ಬೇಕು. ಸಂಬಂಧ ಅರ್ಧ ಅಲ್ಲೇ ಕುದುರ್ತದೆ.”

“ಬೀಳಿಸೋಣ,” ಎಂದೆ ನಾನು.

ಗೌರಮ್ಮನಿಗೆ ನನ್ನ ಮುಖ ನೋಡಿದೊಡನೆ ಅನುಮಾನ ಬಂತು. “ಯಾವ್ದಾದ್ರೂ ದೇವ್ರ ಪದ ಹಾಕ್ರೀ. ನಿಮ್ಮ ಆ ಬಿಳೀ ಹೆಂಗಸಿನ್ದು ಬ್ಯಾಡ.”

“ಮೇಷ್ಟ್ರು ಜೀವಮಾನವೆಲ್ಲ ದೇವರ ಪದ ಕೇಳಿದವರು. ಅವರಿಗೆ ಯಾರೂ ಕೇಳಿಸದಿರುವುದನ್ನು ಕೇಳಿಸಬೇಕು.”

“ಯಾಕೆ ಯಾರೂ ಕೇಳ್ಸಿಲ್ಲ ಅಂತ ಒಂದ್ಸಲ ಯೋಚ್ನೆ ಮಾಡಿ,” ಎಂದಳು.

ಮಾಡಲಿಲ್ಲ.

ಆ ದಿನ ಬೆಳಿಗ್ಗೆ ನಮ್ಮ ಹಿತ್ತಿಲ ಎತ್ತರದ ತೆಂಗಿನ ಮರಕ್ಕೆ ಹಾರ್ನ್ ಕಟ್ಟಿಸಿ, ಅದರ ಬಾಯಿಯನ್ನು ಬಸ್ಸು ನಿಲ್ಲುವ ಕಡೆಗೆ ತಿರುಗಿಸಿದೆ. ಕರೆಂಟನ್ನು ನಂಬುವ ಕಾಲವಲ್ಲ, ಬ್ಯಾಟರಿ ಇಟ್ಟೆ. ಕ್ಯಾಸೆಟ್ಟು ಹಾಕಿ ಒತ್ತಿದೆ. ಈ ಸೆಟ್ಟನ್ನು ಯಾರೂ ಮುಟ್ಟಕೂಡದೆಂದು ಮನೆಮಂದಿಗೆಲ್ಲ ಅಪ್ಪಣೆ ಮಾಡಿ, ಹೊರಟೆ.

ಎಲ್ಲಿಗೆ? ಇಲ್ಲಿ ನಮ್ಮ ಕಸುಬಿನ ಒಂದು ಸೂಕ್ಷ್ಮ ಹೇಳಬೇಕು. ಹಾರ್ನಿನ ಬುಡದಲ್ಲಿ ನಿಂತು ಸ್ವರ ಪರೀಕ್ಷಿಸುವವನು ಮೈಕ್‌ಸೆಟ್ಟಿನವನೇ ಅಲ್ಲ. ದೂರಕ್ಕೆ ಹೋಗಿ ನಿಂತು, ಗಾಳಿಯಲ್ಲಿ ಹೇಗೆ ತೇಲಿಬರುತ್ತದೆ ಎಂದು ಕೇಳಬೇಕು. ಆದುದರಿಂದ ನಾನು ಊರು ದಾಟಿ ಕೆರೆ ಏರಿಯ ಮೇಲೆ ಹೋಗಿ ನಿಂತೆ. ಅಲ್ಲಿಗೆ ಆಪೆರಾ ತಲುಪಿತು.

ಆಹಾ! ಮೊದಲು ಒಂದು ಹೆಣ್ಣು ದನಿ. ಒಂಟಿ. ಕೆಳಗಿನಿಂದ ನಿಧಾನವಾಗಿ ಏರಿ, ತುದಿಯಲ್ಲಿ ನಡುಗಿ, ಒಡೆದು, ಮತ್ತೆ ಕೆಳಗೆ ಬೀಳುತ್ತದೆ. ಅದು ಮಗನನ್ನು ಕಳೆದುಕೊಂಡ ತಾಯಿಯ ಹಾಡು. ಬಳಿಕ ಹೆಂಗಸರ ಒಂದು ದೊಡ್ಡ ಗುಂಪು ಅವಳ ಜೊತೆಗೂಡುತ್ತದೆ. ಅದರ ಹಿಂದೆ ಗಂಡಸರು ಗುಹೆಯೊಳಗಿಂದ ನರಳುತ್ತಾರೆ. ನಡುನಡುವೆ ಢಂ ಎಂದು ಒಂದು ಭಾರಿ ಪೆಟ್ಟು. ನನ್ನ ಹಾರ್ನ್ ಒಂದು ಬಿಕ್ಕನ್ನೂ ಬಿಡದೆ ತಂದುಕೊಟ್ಟಿತು. ನಾನು ಕಣ್ಣು ಮುಚ್ಚಿ ತಲೆದೂಗಿದೆ.

ಕಣ್ಣು ತೆರೆದಾಗ ಊರಿನ ಹಿರಿಯರೊಬ್ಬರು ಟವೆಲನ್ನು ತಲೆಯಿಂದ ತೆಗೆದು ಹೆಗಲಿಗೆ ಹಾಕಿಕೊಳ್ಳುತ್ತ ನನ್ನೆದುರು ನಿಂತಿದ್ದರು. ಅವರ ಹಿಂದೆ ಹೊಲದಿಂದ ಎದ್ದುಬಂದ ಇನ್ನೂ ಕೆಲವರು.

“ಧೈರ್ಯ ತಗೋ ರಂಗಣ್ಣ,” ಎಂದರು ಹಿರಿಯರು.

“ಧೈರ್ಯವಾಗೇ ಇದ್ದೀನಿ,” ಎಂದೆ. ಹೆಣ್ಣು ನೋಡುವ ಶಾಸ್ತ್ರಕ್ಕೆ ಊರವರೆಲ್ಲ ಹೀಗೆ ಕಾಳಜಿ ತೋರುವುದು ಕಂಡು ಹೃದಯ ತುಂಬಿತು.

“ಎಷ್ಟ್ ದಿನ ಅಂತ ಮನೇಲಿ ಇಟ್ಕೊಳ್ಳೋಕಾಯ್ತದೆ? ಒಂದಲ್ಲ ಒಂದಿನ ಕಳಿಸ್ಲೇಬೇಕು.”

“ನಿಜ ಕಣಪ್ಪ. ನಂಗೂ ಭಾರ ಇಳಿದಂಗಾಯ್ತದೆ.”

ಅವರು ನನ್ನನ್ನು ಒಂದು ಥರ ನೋಡಿದರು. “ಹಂಗೆಲ್ಲ ಬಾಯ್ಬಿಟ್ಟು ಅನ್ಬಾರ್ದು ರಂಗಣ್ಣ,” ಎಂದು ತಗ್ಗಿದ ದನಿಯಲ್ಲಿ ಹೇಳಿ, ನನ್ನ ಮನೆಯ ಕಡೆಗೆ ನಡೆದರು. ಎಲ್ಲರೂ ಅತ್ತಲೇ ನಡೆದರು. ಏರಿಯ ಮೇಲೆ ನಾನೊಬ್ಬನೇ ಉಳಿದೆ. ಆಗ ನನ್ನ ತಲೆಯೊಳಗೆ ಏನೋ ಒಂದು ಸಣ್ಣಗೆ ಕಳಚಿಕೊಂಡಿತು.

ನಮ್ಮ ಮನೆಯಲ್ಲಿ ನನ್ನ ಅತ್ತೆ ನಂಜಮ್ಮ ಇದ್ದರು. ಗೌರಮ್ಮನ ತಾಯಿ. ಬೇಸಿಗೆಯಿಂದ ಕೆಮ್ಮು ಹಿಡಿದು ಮಲಗಿದ್ದರೆಂದು ಊರಿಗೆಲ್ಲ ಗೊತ್ತು. ಕೆಮ್ಮು ಬಿಟ್ಟು ಎದ್ದು ಓಡಾಡುತ್ತಿರುವ ವಿಷಯ ಯಾರಿಗೂ ಗೊತ್ತಿಲ್ಲ.

ನಾನು ಓಡಿದೆ.

ಮನೆಯ ಮುಂದೆ ಊರಿಗೆ ಊರೇ ನೆರೆದಿತ್ತು. ಹೆಂಗಸರು ಜಗುಲಿಯ ಮೇಲೆ ಕುಳಿತು, ಆಪೆರಾದ ಹೆಂಗಸರು ದನಿಯೆತ್ತಿದಾಗ ತಾವೂ ಎತ್ತಿ, ಅವರು ಇಳಿಸಿದಾಗ ತಾವೂ ಇಳಿಸುತ್ತಿದ್ದರು. ಫಿನ್ಲೆಂಡಿನ ಸಂಗೀತಗಾರರಿಗೆ ಅಷ್ಟು ಅಚ್ಚುಕಟ್ಟಾದ ಮೇಳ ತಮ್ಮ ದೇಶದಲ್ಲೂ ಸಿಕ್ಕಿರಲಾರದು! ಒಬ್ಬಾತ ಮೂಲೆಯಲ್ಲಿ ಹುಲ್ಲಿಗೆ ಬೆಂಕಿ ಹಚ್ಚಿ ತಮಟೆ ಕಾಯಿಸುತ್ತಿದ್ದ. ಒಳಗೆ ಪಕ್ಕದ ಮನೆಯ ಸಣ್ಣಮ್ಮ ಇನ್ನೂ ಮುಂದೆ ಹೋಗಿದ್ದಳು. ಸಾವಾದ ಮನೆಯಲ್ಲಿ ಒಲೆ ಉರಿಯಬಾರದಷ್ಟೆ. ಆಕೆ ನೇರವಾಗಿ ಅಡುಗೆಮನೆಗೆ ನುಗ್ಗಿ, ಕೇಸರಿಬಾತು ಬೇಯುತ್ತಿದ್ದ ಒಲೆಗೆ ಒಂದು ಕೊಡ ನೀರು ಸುರಿದಿದ್ದಳು. ಒಲೆ ಆರಿತ್ತು. ಕೇಸರಿಬಾತೂ ಆರಿತ್ತು.

“ಯಾರೂ ಸತ್ತಿಲ್ಲ ಕಣೇ ಸಣ್ಣಿ, ಯಾರೂ ಸತ್ತಿಲ್ಲ!” ಎಂದು ಗೌರಮ್ಮ ಅಳುತ್ತಿದ್ದಳು. ಆಕೆ ಅಳುತ್ತಿದ್ದುದರಿಂದಲೇ ಯಾರೂ ನಂಬುತ್ತಿರಲಿಲ್ಲ.

ನಾನು ಬ್ಯಾಟರಿಯ ತಂತಿ ಕಿತ್ತೆ. ಆಪೆರಾ ನಿಂತಿತು. ಜಗುಲಿಯ ಮೇಲಿನ ಮೇಳ ಇನ್ನೂ ಸ್ವಲ್ಪ ಹೊತ್ತು ನಡೆದು, ತಾನೂ ನಿಂತಿತು.

ಸರಿಯಾಗಿ ಆ ಹೊತ್ತಿಗೆ ರಸ್ತೆಯ ತಿರುವಿನಲ್ಲಿ ಮೂವರು ಕಾಣಿಸಿಕೊಂಡರು: ಈರಣ್ಣ ಮೇಷ್ಟ್ರು, ಅವರ ಅಕ್ಕ ದ್ಯಾವಮ್ಮ, ಇಸ್ತ್ರಿ ಮಾಡಿದ ಷರಟಿನಲ್ಲಿ ಮಹದೇವ. ಎದುರು ದಿಕ್ಕಿನಿಂದ ಹೆಗಲ ಮೇಲೆ ಎರಡು ಹಸಿ ಬಿದಿರು ಹೊತ್ತು ನಮ್ಮ ಸಂಧಾನಕಾರ ಕೆಂಚಪ್ಪ ಬರುತ್ತಿದ್ದ. ಅವರನ್ನು ಬಸ್ಸಿನಿಂದ ಕರೆತರಬೇಕಾದವನು ಅವನು! ನೆರೆಮನೆಯ ಕರ್ತವ್ಯ ಮುಂದೆ ಬಂದದ್ದರಿಂದ ಅದು ಮರೆತುಹೋಗಿತ್ತು.

ಮೇಷ್ಟ್ರು ಬಿದಿರು ನೋಡಿ ನಕ್ಕರು. “ಏನ್ಲಾ ಕೆಂಚ, ಈಗ್ಲೇ ಚಪ್ಪರಕ್ಕೆ ಹೊಂದಿಸ್ತಿದೀಯಾ? ಹುಡುಗಿ ಮುಖಾನೇ ಇನ್ನೂ ನೋಡಿಲ್ಲ ಕಣ್ಲಾ!”

“ಚಪ್ಪರಕ್ಕಲ್ಲ ಮೇಷ್ಟ್ರೇ,” ಎಂದ ಕೆಂಚಪ್ಪ ಗಂಭೀರವಾಗಿ. “ಚಟ್ಟಕ್ಕೆ.”

ದ್ಯಾವಮ್ಮ ಹಿಂದಕ್ಕೆ ತಿರುಗಿದರು. “ನಡೀಲಾ ಈರಣ್ಣ. ಸಾವಿನ ಮನೆ ಬಾಗ್ಲು ನೋಡ್ದಂಗಾಯ್ತು. ಊರಿಗೋಗಿ ತಲೆ ಮೇಲೆ ನೀರು ಹಾಕ್ಕೊಳ್ಳೋಣ.”

ನಾನು ಅವರ ಮುಂದೆ ಹೋಗಿ ಅಡ್ಡ ನಿಂತೆ. “ತಾಯೀ, ನಮ್ಮ ಮನೆಯಲ್ಲಿ ಯಾರೂ ತೀರಿಕೊಂಡಿಲ್ಲ. ನೀವು ಕೇಳಿದ್ದು ಹಾಡು.”

“ಹಾಡಾ! ಹಾಡಲ್ಲಿ ಯಾರು ಸತ್ತೋರು?”

ನಾನು ಸುಳ್ಳು ಹೇಳುವವನಲ್ಲ. “ಎಲ್ಲರೂ,” ಎಂದೆ.

ಆಗ ಬಚ್ಚಲುಮನೆಯ ಬಾಗಿಲು ತೆರೆಯಿತು. ನೆಂಟರು ಬರುತ್ತಾರೆಂದು ಎಣ್ಣೆ ಒತ್ತಿಕೊಂಡು ಬಿಸಿನೀರು ಹುಯ್ದುಕೊಂಡಿದ್ದ ನನ್ನ ಅತ್ತೆ, ಹೊಗೆಯ ನಡುವೆ, ಬಿಚ್ಚಿದ ಒದ್ದೆ ಕೂದಲಿನಲ್ಲಿ ಹೊರಗೆ ಬಂದರು. ಜಗುಲಿಯಲ್ಲಿದ್ದ ಇಬ್ಬರು ಹೆಂಗಸರು ಚೀರಿದರು. ತಮಟೆಯವನು ತಮಟೆ ಕೈಬಿಟ್ಟ.

ಅತ್ತೆ ಜನರನ್ನು ನೋಡಿದರು. ಬಿದಿರು ನೋಡಿದರು. “ಅಯ್ಯೋ ಶಿವನೇ! ಯಾರ್ಲಾ ಹೋದೋರು, ಕೆಂಚ?”

ಕೆಂಚಪ್ಪ ಬಿದಿರನ್ನು ಮೆಲ್ಲಗೆ ಕೆಳಗಿಟ್ಟ. “ನೀನೇ ಕಣವ್ವ.”

“ನಾನಾ!” ಎಂದರು ಅತ್ತೆ. “ನಂಗೊಂದ್ಮಾತು ಹೇಳೋದಲ್ವೇನ್ಲಾ!”

ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕುಳಿತು, ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ನಕ್ಕದ್ದರಿಂದ ಮಗನೂ ನಕ್ಕ. ಒಳಗಿನಿಂದ ಇಣುಕುತ್ತಿದ್ದ ಸರೋಜಳೂ ನಕ್ಕಳು. ಹೇಗೂ ಬಸ್ಸು ಕೆಟ್ಟಿತ್ತು, ಮುಂದಿನದು ಸಂಜೆಗೆ. ದ್ಯಾವಮ್ಮ ಮೂಗು ಮುರಿಯುತ್ತ ಒಳಗೆ ಬಂದರು. ಕೇಸರಿಬಾತಿನ ಜಾಗದಲ್ಲಿ ಎಳನೀರು, ಬಾಳೆಹಣ್ಣು, ಬೆಲ್ಲದ ಜೊತೆ ಕಾಯಿಚೂರು ಬಂದವು. ಸರೋಜ ಬಂದು ನಮಸ್ಕಾರ ಮಾಡಿ ಕುಳಿತಳು. ಮೇಷ್ಟ್ರು ಮೆಚ್ಚಿಗೆಯಿಂದ ತಲೆಯಾಡಿಸಿದರು. ಓದುಗರು ಗಮನಿಸಬೇಕು: ಆ ಕ್ಷಣಕ್ಕೆ ಸಂಬಂಧ ಮುರಿದಿರಲಿಲ್ಲ. ಸಂಬಂಧ ಗಟ್ಟಿಯಾಗಿಯೇ ಇತ್ತು! ಆಪೆರಾ ಮುಗಿದು ಬಹಳ ಹೊತ್ತಾಗಿತ್ತು!

“ಅಂದಂಗೆ ರಂಗಪ್ಪೋರೆ,” ಎಂದರು ಮೇಷ್ಟ್ರು ಎಳನೀರು ಕೆಳಗಿಟ್ಟು, “ಆ ಹಾಡಿನ ಕಥೆ ಏನು?”

ಬಾಗಿಲ ಮರೆಯಲ್ಲಿ ಗೌರಮ್ಮ ಕೆಮ್ಮಿದಳು. ನಾನು ಕೇಳಿಸಿಕೊಂಡೆ, ಆದರೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಇಷ್ಟು ದಿನದಲ್ಲಿ ಮೊದಲ ಬಾರಿಗೆ ಒಬ್ಬ ಕಲಾವಿದರು ನನ್ನನ್ನು ಕೇಳಿದ್ದರು! ಗಂಟಲು ಸರಿಮಾಡಿಕೊಂಡೆ.

“ಅಣ್ಣತಮ್ಮಂದಿರಿಬ್ಬರು. ಮೀನಿನ ಬಲೆಗೋ ಹೊಲದ ಬೆಳೆಗೋ ಜಗಳ. ಅಣ್ಣ ಹೋಗಿ ತಮ್ಮನ ಮನೆ ಸುಡುತ್ತಾನೆ. ತಮ್ಮನ ಎಳೆಯ ಮಗ ಅದೇ ದೊಡ್ಡಪ್ಪನ ಮನೆಯಲ್ಲಿ ಆಳಾಗಿ ಬೆಳೆಯುತ್ತಾನೆ. ಭಾರಿ ಶಕ್ತಿವಂತ. ಏನು ಮುಟ್ಟಿದರೂ ಮುರಿಯುತ್ತದೆ.”

“ಆಸ್ತಿ ಜಗಳ,” ಎಂದರು ಮೇಷ್ಟ್ರು. “ಎಲ್ಲಾ ಕಡೆ ಒಂದೇ ಕಣ್ರೀ. ಆಮೇಲೆ?”

“ಅವನನ್ನು ಒಬ್ಬ ಕಮ್ಮಾರನಿಗೆ ಮಾರುತ್ತಾರೆ. ಕಮ್ಮಾರನ ಹೆಂಡತಿ ದನ ಕಾಯುವ ಇವನಿಗೆ ರೊಟ್ಟಿಯೊಳಗೆ ಕಲ್ಲಿಟ್ಟು ಬುತ್ತಿ ಕಟ್ಟುತ್ತಾಳೆ. ಅವನ ಅಪ್ಪನದೆಂದು ಉಳಿದಿದ್ದ ಒಂದೇ ಒಂದು ಚಾಕು ಆ ಕಲ್ಲಿಗೆ ತಾಗಿ ಮುರಿಯುತ್ತದೆ.”

“ಉಣ್ಣೋ ಅನ್ನದೊಳಗೆ ಕಲ್ಲಾ!” ದ್ಯಾವಮ್ಮ ಎದ್ದು ಕುಳಿತರು. “ಅವ್ಳ ಮನೆ ಹಾಳಾಗ! ಹೈದ ಸುಮ್ನಿದ್ನಾ?”

“ಸಂಜೆ ದನಗಳ ಬದಲು ಕರಡಿಗಳನ್ನು ಹೊಡೆದುಕೊಂಡು ಬಂದ. ಅವಳು ಹಾಲು ಕರೆಯಲು ಕುಳಿತಳು.”

“ಸರಿಯಾಗಾಯ್ತು!” ಎಂದರು ದ್ಯಾವಮ್ಮ. ಅತ್ತೆಯೂ ಹತ್ತಿರ ಬಂದು ಕುಳಿತರು. ಅಳಲು ಬಂದು ಕೆಲಸವಿಲ್ಲದೆ ಉಳಿದಿದ್ದ ಹೆಂಗಸರೆಲ್ಲ ಬಾಗಿಲಲ್ಲಿ ಕಿಕ್ಕಿರಿದರು. ನನ್ನ ಜೀವನದಲ್ಲಿ ಅಂಥ ಸಭೆ ಮೊದಲೂ ಸಿಕ್ಕಿರಲಿಲ್ಲ, ಆಮೇಲೂ ಸಿಗಲಿಲ್ಲ. ಅಲ್ಲಿಗೇ ನಿಲ್ಲಿಸಬಹುದಾಗಿತ್ತು. ಕರಡಿಯೊಂದಿಗೆ ಮಂಗಳ ಹಾಡಿಬಿಡಬಹುದಾಗಿತ್ತು. ಗೌರಮ್ಮನ ಕೆಮ್ಮು ಈಗ ಅವಳ ತಾಯಿಯ ಬೇಸಿಗೆಯ ಕೆಮ್ಮನ್ನೂ ಮೀರಿಸಿತ್ತು.

“ಆಮೇಲೆ ದಾರಿಯಲ್ಲಿ ಒಬ್ಬಳು ಹುಡುಗಿ ಸಿಗುತ್ತಾಳೆ,” ಎಂದೆ. “ಇವನು ಅವಳನ್ನು ಒಲಿಸಿಕೊಂಡು ಗಾಡಿ ಹತ್ತಿಸಿಕೊಳ್ಳುತ್ತಾನೆ. ಮಾರನೆಯ ದಿನ ನೀನು ಯಾರ ಮಗಳು ಎಂದು ಕೇಳುತ್ತಾನೆ. ನೋಡಿದರೆ… ಸ್ವಂತ ತಂಗಿ.”

ದ್ಯಾವಮ್ಮ ತಿನ್ನುತ್ತಿದ್ದ ಬಾಳೆಹಣ್ಣನ್ನು ತಟ್ಟೆಗಿಟ್ಟರು. ಹೆಣ್ಣು ನೋಡಲು ಬಂದವರ ಮುಂದೆ ಹೇಳುವ ಕಥೆಯಲ್ಲ ಇದು ಎಂಬ ಅರಿವು ಆಗ ನನಗೂ ಮೂಡಿತು. ಬೇಗ ಮುಗಿಸಿಬಿಡೋಣವೆಂದು, “ಅವಳು ಹೊಳೆಗೆ ಹಾರಿದಳು, ಅವನು ಕತ್ತಿಯ ಮೇಲೆ ಬಿದ್ದ, ಮಿಕ್ಕವರೂ ಸತ್ತರು,” ಎಂದು ಒಂದೇ ಉಸಿರಿಗೆ ಎಲ್ಲರನ್ನೂ ಕೊಂದುಹಾಕಿದೆ. ಪ್ರಯೋಜನವಾಗಲಿಲ್ಲ.

“ಅಲ್ಲ ಕಣಪ್ಪ,” ಎಂದರು ದ್ಯಾವಮ್ಮ. “ಯಾವೂರು, ಯಾರ ಪೈಕಿ ಅಂತ ಮೊದ್ಲೇ ಕೇಳ್ಬಾರ್ದಾಗಿತ್ತಾ ಅವ್ನು?”

“ಇಲ್ಲ. ಆಮೇಲೆ ಕೇಳಿದ.”

“ಆಮ್ಯಾಕೆ ಕೇಳಿ ಏನ್ ಬಂತು?”

ಇಲ್ಲಿ ನನ್ನೊಳಗಿನ ವಿದ್ವಾಂಸ ಎದ್ದು ಕುಳಿತ. “ನನ್ನ ವಾದವೂ ಅದೇ! ಅವರ ದೇಶದವರು ಇದನ್ನು ವಿಧಿ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಇದು ವಿಧಿಯಲ್ಲ, ಅಸಡ್ಡೆ. ಜಗಳವಾಡಿ ದೂರವಾದ ಮನೆಗಳಲ್ಲಿ ಯಾರಿಗೆ ಯಾರು ಏನಾಗಬೇಕೆಂದು ಮಕ್ಕಳಿಗೆ ತಿಳಿಯುವುದಿಲ್ಲ. ಮೊದಲು ವರಸೆ ಕೇಳಿದ್ದರೆ ಆಪೆರಾವೇ ಬೇಕಾಗುತ್ತಿರಲಿಲ್ಲ!”

ಮೇಷ್ಟ್ರು ಮೆಚ್ಚಿ ತೊಡೆ ತಟ್ಟಿದರು. ನಾನು ಹೆಮ್ಮೆಯಿಂದ ಬೀಗಿ ಕುಳಿತಿದ್ದೆ. ದ್ಯಾವಮ್ಮ ಮಾತ್ರ ಕೆಂಚಪ್ಪನ ಕಡೆಗೆ ತಿರುಗಿದರು.

“ನಾವು ಕೇಳಿದೀವೇನ್ಲಾ?”

“ಎಲ್ಲಾ ವಿಚಾರ್ಸಿದೀನಿ ಕಣವ್ವ,” ಎಂದ ಕೆಂಚಪ್ಪ. “ಹುಡುಗನ ತಾಯಿ ಅರಸೀಕೆರೆ ಕಡೆಯೋರು. ಇವ್ರಿಗೂ ಅವ್ರಿಗೂ ಯಾವ ನಂಟೂ ಇಲ್ಲ.”

“ಅದು ಈಗಿರೋಳು ಕಣ್ಲಾ. ಎರಡನೇಯೋಳು. ಇವನ್ನ ಹೆತ್ತೋಳು ಜಯಮ್ಮ ಅಲ್ವಾ? ಸಾಕಮ್ಮನ ಮಗ್ಳು.”

ನನ್ನ ಅತ್ತೆಯ ಕೈಯಲ್ಲಿದ್ದ ಕಾಯಿಚೂರು ಅಲ್ಲೇ ನಿಂತಿತು. “ಯಾವ ಸಾಕಿ? ತಾಮ್ರದ ಹಂಡೆ ಹೊತ್ಕೊಂಡ್ ಹೋದ ಸಾಕಿಯಾ?”

“ಹಂಡೆ ಅವ್ಳಿಗೇ ಅಂತ ಅವ್ರಪ್ಪ ಹೇಳಿದ್ನಂತೆ!” ಎಂದರು ದ್ಯಾವಮ್ಮ ಕೆರಳಿ. “ಅಕ್ಕ ಅನ್ನಿಸ್ಕೊಂಡೋಳು ಕೊಡಾಕಿಲ್ಲ ಅಂತ ಬಾಗ್ಲಲ್ಲಿ ನಿಂತ್ಳಂತೆ. ನಾನ್ ಕೇಳಿದೀನಿ!”

“ಆ ಅಕ್ಕ ನಾನೇ ಕಣಮ್ಮೀ!”

ಸಾಕಮ್ಮ ನನ್ನ ಅತ್ತೆಯ ಒಡಹುಟ್ಟಿದ ತಂಗಿ. ಹಂಡೆಯ ಜಗಳದಲ್ಲಿ ಇಬ್ಬರೂ ಒಬ್ಬರ ಹೆಸರು ಒಬ್ಬರು ಎತ್ತುವುದನ್ನೇ ಬಿಟ್ಟಿದ್ದರು. ತನ್ನ ಹೆಂಡತಿಗೆ ಒಬ್ಬ ದೊಡ್ಡಮ್ಮ ಇದ್ದಳೆಂಬುದು ಮೇಷ್ಟ್ರಿಗೇ ಗೊತ್ತಿರಲಿಲ್ಲ. ಅಕ್ಕನ ಮಗಳು ಗೌರಮ್ಮ, ತಂಗಿಯ ಮಗಳು ಜಯಮ್ಮ. ಅಂದಮೇಲೆ ಅವರಿಬ್ಬರೂ ಅಕ್ಕತಂಗಿಯರು. ಅವರ ಮಕ್ಕಳು ಸರೋಜ, ಮಹದೇವ. ಈ ಲೆಕ್ಕ ಮಾಡಲು ಗ್ರಂಥಾಲಯ ಬೇಕಿಲ್ಲ. ಬಾಗಿಲಲ್ಲಿದ್ದ ಸಣ್ಣಮ್ಮನೇ ಬಾಯಿಗೆ ಸೆರಗು ಹಿಡಿದು ಹೇಳಿಬಿಟ್ಟಳು: “ಅಣ್ಣ ತಂಗಿ!”

ಮಹದೇವ ಥಟ್ಟನೆ ಸರೋಜಳಿಂದ ಕಣ್ಣು ತೆಗೆದು ಸೂರಿನ ತೊಲೆ ನೋಡತೊಡಗಿದ. ಪಾಪ, ಒಳ್ಳೆಯ ಹುಡುಗ.

ಅತ್ತೆ 'ಹಂಡೆ' ಎಂದು ಇನ್ನೊಮ್ಮೆ ಬಾಯಿ ತೆರೆದವರು ನಿಲ್ಲಿಸಿದರು. “ಈಗಿರೋಳು ಎರಡನೇಯೋಳು ಅಂದ್ಯಲ್ಲ. ನಮ್ ಜಯ?”

ಮಹದೇವನೇ ಹೇಳಿದ. “ತೀರ್ಕೊಂಡ್ರು ಅಜ್ಜಿ. ನಾನಾಗ ನಡೆಯೋದು ಕಲೀತಿದ್ನಂತೆ. ನಂಗೆ ಮುಖ ನೆನಪಿಲ್ಲ.”

“ಸಾವಿನ ಸುದ್ದೀನೂ ಕಳಿಸ್ಲಿಲ್ವಲ್ಲೋ ಮಗಾ,” ಎಂದರು ಅತ್ತೆ. “ನನ್ ತೊಡೆ ಮೇಲೆ ಆಡಿದ್ ಕೂಸು ಕಣೋ. ಮಣ್ಣಿಗೂ ಬರ್ಲಿಲ್ವಲ್ಲೋ ನಾನು.” ಆಮೇಲೆ ಹುಡುಗನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತರು. ಗೌರಮ್ಮ ಅತ್ತಳು. ಬೆಳಿಗ್ಗೆಯಿಂದ ಕಾದಿದ್ದ ಹೆಂಗಸರಿಗೆ ಕೊನೆಗೂ ನಿಜವಾದ ಕಾರಣ ದೊರೆಯಿತು. ಅವರೂ ಸೇರಿಕೊಂಡರು. ಆ ಅಳುವಿನ ಮುಂದೆ ಫಿನ್ಲೆಂಡಿನ ಆಪೆರಾ ಜೋಗುಳ! ವಿಚಿತ್ರವೆಂದರೆ, ಈ ಸಾರಿ ಆ ಸದ್ದು ಕೇಳಿ ಹೊಸದಾಗಿ ಒಂದು ನರಪಿಳ್ಳೆಯೂ ಬರಲಿಲ್ಲ. ರಂಗಪ್ಪ ಮತ್ತೆ ಕ್ಯಾಸೆಟ್ಟು ಹಾಕಿದ್ದಾನೆಂದು ಊರು ತೀರ್ಮಾನಿಸಿತ್ತು.

ಸಂಜೆಯ ಬಸ್ಸಿಗೆ ಹೊರಟಾಗ ಮಹದೇವ ನನ್ನ ಕಾಲು ಮುಟ್ಟಿದ. “ಬತ್ತೀನಿ ದೊಡ್ಡಪ್ಪ,” ಎಂದ. ಬೆಳಿಗ್ಗೆ ಮಾವನಾಗಲು ಎದ್ದವನು ಸಂಜೆಗೆ ದೊಡ್ಡಪ್ಪನಾಗಿದ್ದೆ.

ಇದರ ಪರಿಣಾಮಗಳು ಹೀಗಿವೆ. ವಾರದೊಳಗೆ ಸಾಕಮ್ಮನವರು ಬಂದು ಅಕ್ಕನನ್ನು ಕೂಡಿಕೊಂಡರು. ಹಂಡೆಯನ್ನು ಮಾತ್ರ ತರಲಿಲ್ಲ. ಅಮ್ಮ ಅಳುತ್ತ ನಗುತ್ತ ಇರುವುದನ್ನು ಕಂಡು ಸರೋಜ ನನ್ನ ಬಳಿ ಬಂದು, “ಬುಡಪ್ಪ, ನಂಗೆ ಅಣ್ಣ ಇರ್ಲಿಲ್ಲ, ಸಿಕ್ದ,” ಎಂದಳು. ಕೆಂಚಪ್ಪನ ಸ್ಥಿತಿಯೇ ಕಷ್ಟವಾಯಿತು. ಅಣ್ಣತಂಗಿಗೆ ಗಂಟು ಹಾಕಲು ಹೊರಟಿದ್ದನೆಂದು ಗೊತ್ತಾದರೆ ಇನ್ನು ಯಾರು ಅವನನ್ನು ಬಾಗಿಲೊಳಗೆ ಬಿಟ್ಟಾರು? ಆದುದರಿಂದ ಮಾರನೆಯ ದಿನವೇ ಹೋಟೆಲಿನಲ್ಲಿ ಕುಳಿತು, ಸಂಬಂಧ ಮುರಿದದ್ದು ಕ್ಯಾಸೆಟ್ಟಿನಿಂದ ಎಂದು ಸಾರತೊಡಗಿದ. ಪ್ರಚಾರದಲ್ಲಿರುವ ವೃತ್ತಾಂತದ ಕರ್ತೃ ಆತನೇ! ನಾನು ಹೋಗಿ ಎಲ್ಲರೆದುರು ಖಂಡಿಸಿದೆ. ಸಂಬಂಧ ಮುರಿದದ್ದು ವರಸೆಯಿಂದ. ವರಸೆ ತಿಳಿದದ್ದು ಕಥೆಯಿಂದ. ಆದುದರಿಂದ ಫಿನ್ಲೆಂಡಿನ ಆಪೆರಾ ನನ್ನ ಮನೆಯನ್ನು ಕೆಡಿಸಲಿಲ್ಲ, ಕಾಪಾಡಿತು ಎಂದು ಮೇಜು ಗುದ್ದಿ ಹೇಳಿದೆ. “ಅದ್ಸರಿ, ಕರಡಿ ಹಾಲು ಕೊಡ್ತಾ?” ಎಂದು ಯಾರೋ ಹಿಂದಿನಿಂದ ಕೇಳಿದರು. ಸಭೆ ಬರಖಾಸ್ತಾಯಿತು.

ಮನೆಗೆ ಬಂದು ಗೌರಮ್ಮನಿಗಾದರೂ ಒಪ್ಪಿಸೋಣವೆಂದು ಅದೇ ವಾದ ಮಂಡಿಸಿದೆ.

“ಲಗ್ನಪತ್ರಿಕೆ ಬರೆಯೋವಾಗ ಅಜ್ಜಿ ತಾತನ ಹೆಸರು ಕೇಳ್ದೆ ಇರ್ತಿದ್ರಾ?” ಎಂದಳು. “ಆಗ್ಲೂ ಗೊತ್ತಾಗ್ತಿತ್ತು. ಕೇಸರಿಬಾತಾದ್ರೂ ಉಳೀತಿತ್ತು.”

ಈ ಒಂದು ಆಕ್ಷೇಪಣೆಗೆ ನನ್ನ ಬಳಿ ಇನ್ನೂ ಸಮಾಧಾನವಿಲ್ಲ. ಮಿಕ್ಕ ಎಲ್ಲದಕ್ಕೂ ಪುರಾವೆ ಇದೆ. ಮುಂದಿನ ವರ್ಷ ಸರೋಜಳಿಗೆ ಚಿಕ್ಕನಾಯಕನಹಳ್ಳಿಯ ಕಡೆ ಒಳ್ಳೆಯ ಸಂಬಂಧವಾಯಿತು. ಈ ಸಾರಿ ವರಸೆ ವಿಚಾರಿಸಿದವರು ದ್ಯಾವಮ್ಮ ಮತ್ತು ನನ್ನ ಅತ್ತೆ, ಇಬ್ಬರೂ ಜೊತೆಯಾಗಿ. ಗಂಡಿನ ಕಡೆಯವರು ಬೆವತುಹೋದರು. ಆ ಮದುವೆಯ ಫೋಟೋ ಒಂದು ನಮ್ಮ ನಡುಮನೆಯಲ್ಲಿ ತೂಗುಹಾಕಿದೆ. ಅನುಮಾನವಿದ್ದವರು ಯಾರು ಬೇಕಾದರೂ ಬಂದು ನೋಡಬಹುದು. ಅದರಲ್ಲಿ ಸರೋಜಳ ಪಕ್ಕದಲ್ಲಿ ಹೊಸ ಪಂಚೆಯುಟ್ಟು ಅಣ್ಣನ ಸ್ಥಾನದಲ್ಲಿ ನಿಂತಿರುವವನು ಮಹದೇವ. ಓಡಿಹೋದನೆಂದು ಹೇಳುತ್ತಾರಲ್ಲ, ಅದೇ ಮಹದೇವ! ಅಕ್ಕತಂಗಿಯರಿಬ್ಬರೂ ಮುಂದೆ ಕುರ್ಚಿಯಲ್ಲಿದ್ದಾರೆ. ಮೇಷ್ಟ್ರು ಇದ್ದಾರೆ, ಗೌರಮ್ಮ ಇದ್ದಾಳೆ, ಕೆಂಚಪ್ಪ ಕೂಡ ನುಸುಳಿಕೊಂಡು ನಿಂತಿದ್ದಾನೆ.

ಹೆಣ್ಣಿನ ತಂದೆ ಎಲ್ಲಿ ಎಂದು ನೋಡಿದವರೆಲ್ಲ ಕೇಳುತ್ತಾರೆ. ಸರಿಯಾಗಿ ಮುಹೂರ್ತದ ಹೊತ್ತಿಗೆ ನನ್ನದೇ ಮೈಕ್ ಕೆಟ್ಟಿತ್ತು. ಫೋಟೋದ ಬಲಮೂಲೆಯಲ್ಲಿ ಒಂದು ಏಣಿ ಕಾಣುತ್ತದೆ. ಏಣಿಯ ಮೇಲೆ ಎರಡು ಪಾದಗಳು. ಅವು ನನ್ನವು.